ಥಯೋಯೂರಿಯಾ ಹರಳು ಹಸಿರು ಬೆಳಕು ಕೊಡದಿದ್ದರೆ

ರಾಯಚೂರಿನವರೇ, ಥಯೋಯೂರಿಯಾ (ಗಂಧಕ ಇರುವ ಒಂದು ಸಾವಯವ ಸಂಯುಕ್ತ) ಹರಳು ಬೆಳೆಸಿ 1064 ನ್ಯಾನೊಮೀಟರ್‌ನ, ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಮುಂದೆ ಇಟ್ಟರೂ ಹಸಿರು ಬೆಳಕು ಕಾಣಲಿಲ್ಲ, ಹರಳು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಹರಳು ಚೆನ್ನಾಗೇ ಇದೆ ಬಿಡ್ರಿ. ಗಂಧಕದ ಎಲೆಕ್ಟ್ರಾನ್‌ಗಳು ಬೆಳಕಿಗೆ ಸುಲಭವಾಗಿ ಅಲುಗುತ್ತವೆ, ನಿಜ. ಆದರೆ ಕೋಣೆಯ ಉಷ್ಣಾಂಶದಲ್ಲಿ ಶುದ್ಧ ಥಯೋಯೂರಿಯಾದ ಅಣುಗಳು ಎದುರುಬದುರಾಗಿ ಕೂತಿರುತ್ತವೆ. ಒಂದು ಕೊಟ್ಟದ್ದನ್ನು ಇನ್ನೊಂದು ಅಳಿಸುತ್ತದೆ. ಹಾಗಾಗಿ ಲೇಸರಿನ ಅರ್ಧ ತರಂಗಾಂತರದ, ಅಂದ್ರೆ 532 ನ್ಯಾನೊಮೀಟರಿನ ಹಸಿರು ಹುಟ್ಟುವುದೇ ಇಲ್ಲ.

ಸತು ಸೇರಿಸಿ. ಒಂದು ಮೋಲ್ ಜಿಂಕ್ ಸಲ್ಫೇಟಿಗೆ ಮೂರು ಮೋಲ್ ಥಯೋಯೂರಿಯಾ. ಸತು ಮೂರು ಗಂಧಕವನ್ನೂ ಸಲ್ಫೇಟಿನ ಒಂದು ಆಮ್ಲಜನಕವನ್ನೂ ಹಿಡಿದುಕೊಳ್ಳುತ್ತದೆ, ಹರಳಿನ ಆ ಎದುರುಬದುರು ಸಮ್ಮಿತಿ ಹೋಗುತ್ತದೆ, ಹಸಿರು ಬರುತ್ತದೆ. ಇದೇ ಝಡ್‌ಟಿಎಸ್ (ಜಿಂಕ್ ಟ್ರಿಸ್ ಥಯೋಯೂರಿಯಾ ಸಲ್ಫೇಟ್). ದ್ರಾವಣವನ್ನು 70 ಡಿಗ್ರಿ ದಾಟಿಸಬೇಡಿ, ಥಯೋಯೂರಿಯಾ ಒಡೆಯುತ್ತದೆ.

ನಮ್ಮ ಕಡೆ ನಿಜವಾದ ತಲೆನೋವು ಬಿಸಿಲು. ಬಳ್ಳಾರಿಯಲ್ಲಿ ಒಮ್ಮೆ ಏಪ್ರಿಲ್‌ನಲ್ಲಿ ಬೀಕರನ್ನು ಕಿಟಕಿ ಪಕ್ಕ ಇಟ್ಟು ಹೋಗಿದ್ದೆ. ಮರುದಿನ ನೋಡಿದರೆ ನೀರು ಬೇಗ ಆರಿ, ತಳದಲ್ಲಿ ಕಲ್ಲುಪ್ಪು ಚೆಲ್ಲಿದ ಹಾಗೆ ಪುಡಿಹರಳು. ನಿಧಾನಕ್ಕೆ ಆರಲಿ ಅಂತ ಬೀಕರಿನ ಬಾಯಿಗೆ ಫಿಲ್ಟರ್ ಪೇಪರ್ ಕಟ್ಟಿ, ಗುಂಡುಸೂಜಿಯಿಂದ ನಾಲ್ಕೈದು ತೂತು ಮಾಡಿ, ಬೀರುವಿನೊಳಗೆ ಇಡಿ. ಹರಳನ್ನು ಪುಡಿ ಮಾಡಿ ಹಸಿರು ಎಷ್ಟು ಬರುತ್ತದೆಂದು ಅಳೆಯುವ ಪುಡಿ ಪರೀಕ್ಷೆಗೆ, ಹೋಲಿಕೆಯ ಅಳತೆಗೋಲಾದ ಕೆಡಿಪಿಯನ್ನೂ (ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್) ಅದೇ ಗಾತ್ರಕ್ಕೆ ಜರಡಿ ಹಿಡಿದು ಹೋಲಿಸಿ, ಇಲ್ಲಾಂದ್ರೆ ಗೈಡ್ ಒಪ್ಪಲ್ಲ.