ಆಫೀಸಿನ ಹಳೆ ನೆಟ್‌ವರ್ಕ್ ಸ್ವಿಚ್ ಮನೆಗೆ ತರಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನಮ್ಮದು ಎರಡಂತಸ್ತಿನ ಮನೆ. ಮೂರು ಕ್ಯಾಮೆರಾ, ಎರಡು ಕಂಪ್ಯೂಟರ್, ಒಂದು ಟಿವಿ ಇವೆ. 300 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಾ ಸಿಸಿಎನ್‌ಎ ಅನ್ನೋ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆಗೂ ತಯಾರಿ ಮಾಡ್ತಿದ್ದಾನೆ. ಒಂದು ಹಳೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಸ್ಕೊ 2960-24ಪಿಸಿ-ಎಲ್ ಸ್ವಿಚ್ ₹3,500ಕ್ಕೆ ಕೊಡ್ತೀವಿ ಅಂತಾರೆ. ಕ್ಯಾಮೆರಾಕ್ಕೆ ಕರೆಂಟೂ ಅದೇ ಕೊಡ್ತದಂತೆ. ತಗೋಬಹುದಾ?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಮಗನ ಓದಿಗೆ ಅಂದ್ರೆ ಧಾರಾಳವಾಗಿ ತಗೊಳ್ಳಿ. ಮನೆಯಲ್ಲಿ ಹಗಲೂ ರಾತ್ರಿ ಓಡಿಸುವುದಕ್ಕೆ ಮಾತ್ರ ಬೇಡ.

ಸ್ವಿಚ್ ಅಂದ್ರೆ ಕಂಪ್ಯೂಟರ್, ಕ್ಯಾಮೆರಾಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಡಬ್ಬಿ. ಮೊದಲು ಅದರ ಹೆಸರು ಓದೋಣ. ಹೆಸರಿನಲ್ಲಿರುವ ‘ಪಿ’ ಅಂದ್ರೆ ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಸೌಲಭ್ಯ ಇದೆ. ಅಂಗಡಿಯವರು ಹೇಳಿದ್ದು ನಿಜ. ಆದರೆ 2960ರ ಮುಂದೆ ಯಾವ ಅಕ್ಷರವೂ ಇಲ್ಲ ನೋಡಿ. ಹಾಗಾಗಿ ಆ 24 ಪೋರ್ಟುಗಳು (ಕೇಬಲ್ ಸಿಕ್ಕಿಸುವ ಕಿಂಡಿಗಳು) 100 ಎಂಬಿಪಿಎಸ್‌ನವು. ಬಲಗಡೆ ಬೇರೆಯಾಗಿರುವ ಎರಡು ಮಾತ್ರ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್. ಕ್ಯಾಮೆರಾಕ್ಕೆ 100 ಬೇಕಾದಷ್ಟಾಯಿತು. ಕಂಪ್ಯೂಟರನ್ನು ಅಲ್ಲಿಗೆ ಹಾಕಿದರೆ ನೀವು ದುಡ್ಡು ಕೊಡುವ 300ರಲ್ಲಿ ನೂರೇ ಸಿಗುತ್ತದೆ. 2960ಜಿ, 2960ಎಸ್, 2960ಎಕ್ಸ್ ಆದರೆ ಎಲ್ಲ ಪೋರ್ಟೂ ಗಿಗಾಬಿಟ್. ಆದರೆ 2960ಎಸ್‌ಎಫ್ ಮತ್ತು 2960 ಪ್ಲಸ್ ಮತ್ತೆ ನೂರರವೇ. ಅಂಗಡಿಯಲ್ಲಿ ‘ಎಸ್ ಸರಣಿ ರೀ’ ಅಂತ ಎಸ್‌ಎಫ್ ಕೈಗೆ ಕೊಟ್ಟರೆ ಗೊತ್ತಾಗುವುದೇ ಇಲ್ಲ. ಹಿಂದಿನ ಸ್ಟಿಕ್ಕರ್ ಪೂರ್ತಿ ಓದಿ.

ಇನ್ನು ಸದ್ದು. ಇವು ಬೀಗ ಹಾಕಿದ ಎಸಿ ರೂಮಿನ ರ‍್ಯಾಕಿಗಾಗಿ ಮಾಡಿದ ಸ್ವಿಚ್‌ಗಳು. ಡಬ್ಬಿ ಒಂದೂಮುಕ್ಕಾಲು ಇಂಚು ಎತ್ತರ, ಅದರೊಳಗೆ ಹಿಡಿಸುವ ಫ್ಯಾನ್ ಚಿಕ್ಕದು. ಚಿಕ್ಕ ಫ್ಯಾನ್ ಜೋರಾಗಿ ತಿರುಗಲೇಬೇಕು. ಏಪ್ರಿಲ್ ತಿಂಗಳ ಗದಗ ಬಿಸಿಲಿಗೆ ಅದು ಇಳಿಯುವ ಮಾತೇ ಇಲ್ಲ. ರಾತ್ರಿ ಪಕ್ಕದ ಕೋಣೆಯವರಿಗೂ ಕೇಳುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಸಣ್ಣ ವಿಷಯ ಅನ್ನಬೇಡಿ.

ಕರೆಂಟಿನ ಲೆಕ್ಕವನ್ನೂ ಹಾಕಿ. ಸುಮಾರು 50 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗೆ ಇದು ದೊಡ್ಡ ಮಾತು. ನಿಮಗೆ ಗೊತ್ತುಪಡಿಸಿದ ಯೂನಿಟ್ಟಿಗಿಂತ ಜಾಸ್ತಿಯಾದರೆ ಜಾಸ್ತಿಯಾದದ್ದಕ್ಕೆ ದುಡ್ಡು. 200 ದಾಟಿದರೆ ಹೆಸ್ಕಾಂ ಬಿಲ್ ಪೂರ್ತಿ ನಿಮ್ಮದೇ. 170–180 ಯೂನಿಟ್ ಸುಡುವ ಮನೆಯನ್ನು ಈ ಒಂದು ಡಬ್ಬಿಯೇ ಗಡಿ ದಾಟಿಸುತ್ತದೆ.

ಮನೆಗೆ ಬೇಕಾದ್ದು ಎಂಟು ಪೋರ್ಟಿನ, ಫ್ಯಾನ್ ಇಲ್ಲದ ಸ್ವಿಚ್. ಹಳೆಯದರಲ್ಲೇ ಸಿಸ್ಕೊ 3560ಸಿಜಿ-8ಪಿಸಿ ಹುಡುಕಿ. ಎಂಟೂ ಗಿಗಾಬಿಟ್, ಪಿಒಇಗೆ ಒಟ್ಟು 124 ವ್ಯಾಟ್, ಸದ್ದೇ ಇಲ್ಲ. ನಿಮ್ಮ ಮೂರು ಕ್ಯಾಮೆರಾಕ್ಕೆ ಅದು ಸಾಕಾಗಿ ಉಳಿಯುತ್ತದೆ. ರೂಟಿಂಗ್ (ಬೇರೆ ಬೇರೆ ನೆಟ್‌ವರ್ಕ್ ನಡುವೆ ದಾರಿ ತೋರಿಸುವುದು) ಕೂಡ ಬರುವುದರಿಂದ ಮಗನ ಅಭ್ಯಾಸಕ್ಕೂ ಆಯಿತು. ನನ್ನನ್ನು ಕೇಳಿದರೆ ಒಂದೇ ತರುವುದಾದರೆ ಇದನ್ನೇ ತನ್ನಿ.

ಅದಕ್ಕೂ ಮೊದಲು ಕ್ಯಾಮೆರಾದ ವೈರ್ ನೋಡಿ. ತುದಿಯಲ್ಲಿ ದುಂಡಗಿನ, ತಿರುಗಿಸಿ ಕೂರಿಸುವ ಪಿನ್ ಇದ್ದರೆ ಅದು ಕ್ಯಾಮೆರಾ ಚಿತ್ರ ದಾಖಲಿಸುವ ಡಿವಿಆರ್‌ಗೆ ಹೋಗುವ ಕೋಯಾಕ್ಸಿಯಲ್ ಕೇಬಲ್. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಅದೇ. ಅದಕ್ಕೂ ಪಿಒಇಗೂ ಸಂಬಂಧವಿಲ್ಲ.

ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ಯಿರಿ. ಸ್ವಿಚ್ ಪೂರ್ತಿ ಏಳುವವರೆಗೆ ಕಾಯಿರಿ. ‘ಸಿಸ್ಟ್’ ದೀಪ ಹಸಿರಾಗಬೇಕು, ಕಿತ್ತಳೆಯಲ್ಲೇ ನಿಂತರೆ ಬಿಟ್ಟುಬಿಡಿ. ಪೋರ್ಟಿನ ದೀಪದ ಕಥೆ ಬೇರೆ. ಕೇಬಲ್ ಹಾಕಿದ ಮೇಲೆ ಅದು ಸುಮಾರು 30 ಸೆಕೆಂಡ್ ಕಿತ್ತಳೆ ಇದ್ದು ಆಮೇಲೆ ಹಸಿರಾಗುತ್ತದೆ. ಕೇಬಲ್ ಸುತ್ತಿ ಬಂದು ಲೂಪ್ ಆಗಿದೆಯಾ ಅಂತ ಸ್ವಿಚ್ಚಿನೊಳಗಿನ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆ ನೋಡಿಕೊಳ್ಳುವ ಹೊತ್ತು ಅದು. ‘ಪೋರ್ಟ್ ಸತ್ತಿದೆ’ ಅಂತ ಸುಮ್ನೆ ಒಳ್ಳೆಯ ಸ್ವಿಚ್ ವಾಪಸ್ ಕೊಟ್ಟವರಿದ್ದಾರೆ. ಎಲ್ಲ ಪೋರ್ಟಿಗೂ ಒಂದೊಂದಾಗಿ ಕೇಬಲ್ ಹಾಕಿ ನೋಡಿ, ಅಂಗಡಿಯವರು ಬೇಜಾರಾದರೂ ಪರವಾಗಿಲ್ಲ. ಮೆರಾಕಿ (ಇಂಟರ್ನೆಟ್ ಖಾತೆಯ ಮೂಲಕ ನಡೆಸುವ ಸಿಸ್ಕೊ ಸ್ವಿಚ್) ಅಂತ ಬರೆದದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದಕ್ಕೆ ಲೈಸೆನ್ಸ್ ಬೇಕು, ಹಳೆ ಮಾಲೀಕರು ತಮ್ಮ ಖಾತೆಯಿಂದ ಬಿಟ್ಟುಕೊಟ್ಟಿರಲೂ ಬೇಕು.

ಪ್ರಶ್ನೆ: ಹಳೆ 2960 ತಂದಿದ್ದೇನೆ. ಪಾಸ್‌ವರ್ಡ್ ಕೇಳುತ್ತದೆ. ಮಾರಿದವರಿಗೂ ಗೊತ್ತಿಲ್ಲ. ಏನು ಮಾಡಲಿ?
— ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಗಾಬರಿ ಬೇಡ. ತಿಳಿನೀಲಿ ಬಣ್ಣದ ಕನ್ಸೋಲ್ ಕೇಬಲ್ ಮತ್ತು ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ತಗೊಂಡು ಸ್ವಿಚ್ಚಿನ ಕನ್ಸೋಲ್ ಕಿಂಡಿಗೂ ಲ್ಯಾಪ್‌ಟಾಪಿಗೂ ಜೋಡಿಸಿ. ಲ್ಯಾಪ್‌ಟಾಪಿನಲ್ಲಿ ಪುಟ್ಟಿ ಎಂಬ ಸಾಫ್ಟ್‌ವೇರ್ ತೆರೆದು ವೇಗ 9600 ಇಡಿ. ಸ್ವಿಚ್ಚಿನ ಕರೆಂಟ್ ವೈರ್ ಕಿತ್ತು, ಎಡಗಡೆಯ ‘ಮೋಡ್’ ಗುಂಡಿ ಒತ್ತಿ ಹಿಡಿದುಕೊಂಡೇ ಮತ್ತೆ ಕರೆಂಟ್ ಕೊಡಿ. ಸಿಸ್ಟ್ ದೀಪ ಮಿನುಗಿ, ಒಂದು ಕ್ಷಣ ಕಿತ್ತಳೆಯಾಗಿ, ಆಮೇಲೆ ಮಿನುಗದೆ ಹಸಿರಾಗಿಯೇ ಉಳಿದಾಗ ಬೆರಳು ತೆಗೆಯಿರಿ. ಪರದೆಯಲ್ಲಿ ‘ಸ್ವಿಚ್:’ ಅಂತ ಬರುತ್ತದೆ. ಫ್ಲ್ಯಾಶ್ ಅಂಡರ್‌ಸ್ಕೋರ್ ಇನಿಟ್ ಎಂದು ಟೈಪ್ ಮಾಡಿ. ಆಮೇಲೆ ಫ್ಲ್ಯಾಶ್‌ನಲ್ಲಿರುವ ‘ಕಾನ್ಫಿಗ್ ಡಾಟ್ ಟೆಕ್ಸ್ಟ್’ ಮತ್ತು ‘ವಿಲ್ಯಾನ್ ಡಾಟ್ ಡ್ಯಾಟ್’ ಎರಡನ್ನೂ ಡಿಲೀಟ್ ಮಾಡಿ, ಬೂಟ್ ಕೊಡಿ. ಎರಡನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಹಳೆ ಆಫೀಸಿನ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕಾಗಿ ಹಂಚುವ) ಪಟ್ಟಿ ಕೂತಿರುವುದು ಅದರಲ್ಲಿ. ‘ಬಿನ್’ ಅಂತ ಮುಗಿಯುವ ಫೈಲನ್ನು ಮಾತ್ರ ಮುಟ್ಟಬೇಡಿ. ಸ್ವಿಚ್ಚಿನ ಜೀವವೇ ಅದು.

ಹಳೆ ಸೆಟ್ಟಿಂಗನ್ನು ಕುತೂಹಲಕ್ಕೆ ನಕಲು ಮಾಡಿಟ್ಟುಕೊಳ್ಳಬೇಡಿ. ಅದು ಯಾವುದೋ ಆಫೀಸಿನ ಒಳಗಿನ ವಿಳಾಸಗಳು, ನಮ್ಮದಲ್ಲ. ಮೇಲೆದ್ದ ಮೇಲೆ ಮೊದಲ ಕೆಲಸ: ‘ನೋ ವಿಸ್ಟ್ಯಾಕ್’ ಕೊಟ್ಟು, ದೂರದಿಂದಲೇ ಸ್ವಿಚ್ ಹೊಂದಿಸುವ ಸ್ಮಾರ್ಟ್ ಇನ್‌ಸ್ಟಾಲ್ ನಿಲ್ಲಿಸಿ. ಅದರ 4786ನೇ ಪೋರ್ಟಿನ (ಇದು ಕೇಬಲ್ ಕಿಂಡಿಯಲ್ಲ, ಸಾಫ್ಟ್‌ವೇರಿನ ಬಾಗಿಲ ಸಂಖ್ಯೆ) ಮೂಲಕ ಹೊರಗಿನವರು ಸ್ವಿಚ್ಚನ್ನೇ ವಶಕ್ಕೆ ತಗೊಳ್ಳಬಹುದಾದ ದೋಷ 2018ರಲ್ಲಿ ಬಯಲಾಯಿತು. ಹಳೆ ಸಾಫ್ಟ್‌ವೇರ್ ಇರುವ ಸ್ವಿಚ್ ಯಾವತ್ತೂ ರೂಟರ್ ಹಿಂದೆಯೇ ಇರಲಿ.

ಪ್ರಶ್ನೆ: ಮನೆಯಿಂದ ನಮ್ಮ ಮೆಣಸಿನಕಾಯಿ ಗೋದಾಮಿಗೆ 160 ಮೀಟರ್. ಕೇಬಲ್ ಎಳೆದರೂ ನೆಟ್ ಬರ್ತಿಲ್ಲ.
— ಓದುಗರೊಬ್ಬರು, ಬ್ಯಾಡಗಿ

ಉತ್ತರ: ತಾಮ್ರದ ಕೇಬಲ್ಲಿಗೆ 100 ಮೀಟರೇ ಮಿತಿ. ಎರಡೂ ಕಡೆ ಎಸ್‌ಎಫ್‌ಪಿ ಕಿಂಡಿ (ಫೈಬರ್ ಮಾಡ್ಯೂಲ್ ಕೂರಿಸುವ ಜಾಗ) ಇರುವ ಹಳೆ ಸ್ವಿಚ್ ಇಟ್ಟು ನಡುವೆ ಫೈಬರ್ ಎಳೆಯಿರಿ. ಹಳೆ ಆಫೀಸ್ ಸ್ವಿಚ್ ನಿಜವಾಗಿ ಬೆಲೆಬಾಳುವುದು ಇಂಥ ಜಾಗದಲ್ಲೇ. ದೂರಕ್ಕೆ ಮಾಡಿದ ಸಿಂಗಲ್ ಮೋಡ್ ಫೈಬರ್ ಕೇಬಲ್, ಎರಡೂ ತುದಿಗೆ ಅದಕ್ಕೆ ಹೊಂದುವ ಎಲ್‌ಎಕ್ಸ್ ಮಾಡ್ಯೂಲ್ ಹಾಕಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಸಿಸ್ಕೊ ಸ್ವಿಚ್ ಬೇರೆ ಕಂಪನಿಯ ಮಾಡ್ಯೂಲನ್ನು ಒಪ್ಪದೆ ಪೋರ್ಟನ್ನೇ ಮುಚ್ಚಬಹುದು, ಕೊಳ್ಳುವಾಗ ಕೂರಿಸಿ ನೋಡಿ. ಗೋದಾಮಿನಲ್ಲಿ ಫ್ಯಾನ್ ಇರುವ ಸ್ವಿಚ್ ಬೇಡವೇ ಬೇಡ, ಮೆಣಸಿನ ಧೂಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ.

ಮುಂಗಾರಿಗೆ ಮೊದಲಿನ ಸಿಡಿಲಿಗೂ ಫೈಬರ್ ಒಳ್ಳೆಯದು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ ಜೊತೆ ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ ಕಟ್ಟಿಸಿ, ಒಳಗೆ ಗಾಜಿನ ಎಳೆ ಮಾತ್ರ ಬರಲಿ.