ಹತ್ತಂಕಿ ಸಂಖ್ಯೆಗೆ ಏಳರ ಮಗ್ಗಿ ಸಾಲದು

ಪ್ರಶ್ನೆ: 1234567891 ಅವಿಭಾಜ್ಯ ಸಂಖ್ಯೆ ಅಂತ ಮಗಳು ಹೇಳುತ್ತಾಳೆ. 2, 3, 5, 7, 11ರಿಂದ ಭಾಗಿಸಿ ನೋಡಿದೆ, ಪ್ರತಿ ಸಲ ಶೇಷ ಉಳಿಯಿತು. ಇಷ್ಟು ನೋಡಿದರೆ ಸಾಕಲ್ವಾ? (ಡೊಂಬಿವಲಿಯ ಓದುಗರು)

ಸಾಲದು. ಮಗಳು ಹೇಳಿದ್ದು ಸರಿ, ನೀವು ಕೊಟ್ಟ ಕಾರಣ ಸರಿಯಲ್ಲ. ಮಾಟುಂಗಾದಲ್ಲಿ ನನ್ನ ಸಂಜೆ ಕ್ಲಾಸಿಗೆ ಮಕ್ಕಳನ್ನು ಬಿಡಲು ಬರುವ ಅಪ್ಪ-ಅಮ್ಮಂದಿರೂ ವರ್ಷವರ್ಷ ಇದೇ ತಪ್ಪು ಮಾಡುತ್ತಾರೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

10001 ತೆಗೆದುಕೊಳ್ಳಿ. ನಿಮ್ಮ ಐದೂ ಪರೀಕ್ಷೆಗಳನ್ನು ದಾಟುತ್ತದೆ. ಆದರೂ ಅದು 73 × 137. 1000009 ಇನ್ನೂ ಮೋಸದ್ದು. ಆಯ್ಲರ್ ಅಂಥ ಗಣಿತಜ್ಞರೇ ಮೊದಲು ಅದನ್ನು ಅವಿಭಾಜ್ಯ ಅಂದುಕೊಂಡಿದ್ದರು, ಆಮೇಲೆ ತಾವೇ ತಿದ್ದಿಕೊಂಡರು. ಅದು 293 × 3413.

ಹಾಗಾದರೆ ಎಲ್ಲಿಯವರೆಗೆ ಭಾಗಿಸಬೇಕು? ವರ್ಗಮೂಲದವರೆಗೆ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಆಗುವುದಿಲ್ಲ. ಚಿಕ್ಕದು ಅದರೊಳಗೇ ಸಿಗಬೇಕು. ನಿಮ್ಮ ಸಂಖ್ಯೆಯ ವರ್ಗಮೂಲ 35,136ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗಿನ ಅವಿಭಾಜ್ಯಗಳೇ 3,500ಕ್ಕೂ ಹೆಚ್ಚಿವೆ. ನೀವು ನೋಡಿದ್ದು ಐದು.

ಕೈಯಲ್ಲೇ ಶುರುಮಾಡುವವರಿಗೆ ನನಗೆ ತುಂಬ ಇಷ್ಟವಾದ ಒಂದು ದಾರಿ ಇದೆ. ಬಲಗಡೆಯಿಂದ ಮೂರು ಮೂರು ಅಂಕಿ ಗುಂಪು ಮಾಡಿ: 1, 234, 567, 891. ಈಗ ಬಲದಿಂದ ಒಂದು ಬಿಟ್ಟು ಒಂದನ್ನು ಕಳೆಯಿರಿ, ಕೂಡಿಸಿ. 891 − 567 + 234 − 1, ಅಂದರೆ 557. ಇದನ್ನು 7ರಿಂದ ಭಾಗಿಸಿದರೆ ಶೇಷ 4, 11ರಿಂದ 7, 13ರಿಂದ 11. ಮೂಲ ಸಂಖ್ಯೆಯನ್ನು ಭಾಗಿಸಿದರೂ ಇದೇ ಶೇಷಗಳು. 7 × 11 × 13 ಸರಿಯಾಗಿ 1001 ಆಗುವುದರಿಂದ ಒಂದೇ ಏಟಿಗೆ ಮೂರೂ ಮುಗಿಯುತ್ತವೆ. 17ರಿಂದ ಮುಂದಿನದನ್ನು ಕಂಪ್ಯೂಟರಿಗೆ ಬಿಡಿ, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮಾಡುತ್ತದೆ. ನೂರಾರು ಅಂಕಿಗಳ ಸಂಖ್ಯೆಗೆ ಮಾತ್ರ ಹೀಗೆ ಭಾಗಿಸುತ್ತಾ ಕೂತರೆ ಕಂಪ್ಯೂಟರಿಗೂ ಮುಗಿಯುವುದಿಲ್ಲ. ಅಂಥವಕ್ಕೆ ಬೇರೆ ವಿಧಾನಗಳಿವೆ. ಅವುಗಳಲ್ಲಿ ಒಂದು ದೊಡ್ಡ ಹೆಜ್ಜೆಯನ್ನು 2002ರಲ್ಲಿ ಕಾನ್ಪುರದ ಐಐಟಿಯ ಅಗ್ರವಾಲ್, ಕಯಾಲ್ ಮತ್ತು ಸಕ್ಸೇನಾ ಇಟ್ಟರು.

ಪ್ರಶ್ನೆ: ನನ್ನ ಮೊಬೈಲ್ ನಂಬರಿನ ಅಂಕಿಗಳನ್ನು ಕೂಡಿಸಿದರೆ 8 ಬರುತ್ತದೆ, ಬದಲಾಯಿಸಿ ಅಂತ ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ. (ವಾಶಿ)

ಬದಲಾಯಿಸಬೇಡಿ, ದುಡ್ಡೂ ಕೊಡಬೇಡಿ. ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿಸಿದರೆ ಸಿಗುವುದು 9ರಿಂದ ಭಾಗಿಸಿದಾಗಿನ ಶೇಷ, ಅಷ್ಟೇ. ಶೇಷ ಸೊನ್ನೆಯಾದರೆ 9 ಬರುತ್ತದೆ. ಪ್ರತಿ ಒಂಬತ್ತನೇ ಸಂಖ್ಯೆಗೂ ಅದೇ ಉತ್ತರ. ಲೋಕಲ್‌ನ ಒಂದು ಡಬ್ಬಿಯಲ್ಲಿ ಎಷ್ಟು ಜನರ ನಂಬರಿಗೆ 8 ಬರಬಹುದು, ನೀವೇ ಯೋಚಿಸಿ. ಲೆಕ್ಕ ತಾಳೆ ನೋಡಲು ಇರುವ ಒಳ್ಳೆಯ ಉಪಾಯವನ್ನು ಹಿಡಿದುಕೊಂಡು ಜನರನ್ನು ಹೆದರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆ: 1 ಅವಿಭಾಜ್ಯವೇ? (ಪುಣೆ)

ಅಲ್ಲ.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಯಾವುದು? (ಮಡಗಾಂವ್)

ಅಂಥದ್ದು ಇಲ್ಲವೇ ಇಲ್ಲ, ಯೂಕ್ಲಿಡ್ ಕಾಲದಲ್ಲೇ ಸಾಬೀತಾಗಿದೆ. 2024ರಲ್ಲಿ ಸಿಕ್ಕಿದ್ದರಲ್ಲಿ 4,10,24,320 ಅಂಕಿಗಳಿವೆ, ಅದಕ್ಕಿಂತ ದೊಡ್ಡವೂ ಇದ್ದೇ ಇವೆ.