ಡೌನ್ ಸಿಂಡ್ರೋಮ್ ಅಂತ ಖಚಿತವಾಗಿದೆ, ಬಸಿರು ಮುಂದುವರಿಸಬೇಕಾ ಬೇಡ್ವಾ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ವಯಸ್ಸು 34, ಮೊದಲ ಬಸಿರು, ಈಗ 18ನೇ ವಾರ. ಮೈಸೂರಿನಲ್ಲಿ ಆಮ್ನಿಯೋ, ಅಂದರೆ ಗರ್ಭದ ನೀರು ತೆಗೆದು ನೋಡುವ ಪರೀಕ್ಷೆ, ಮಾಡಿಸಿದ್ದೀರಿ. ಮಗುವಿನ ಬೆಳವಣಿಗೆ, ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್ ಅಂತ ಬಂದಿದೆ. ಅತ್ತೆ 'ತೆಗೆಸಿಬಿಡು' ಅನ್ನುತ್ತಾರೆ, ಗಂಡ 'ನಿನ್ನಿಷ್ಟ' ಅನ್ನುತ್ತಾರೆ. 20 ವಾರದೊಳಗೆ ಹೇಳಿ ಅಂತ ಆಸ್ಪತ್ರೆಯವರು ಹೇಳಿದ್ದಾರೆ. 'ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ' ಅಂತ ಕೇಳಿದ್ದೀರಿ.

ಆ ಜಾಗದಲ್ಲಿ ನಾನು ಇದ್ದೆ. ಮಂಡ್ಯದಲ್ಲಿ, 2022ರ ಡಿಸೆಂಬರಿನಲ್ಲಿ. ಆಗ ನನಗೆ 36, ದೊಡ್ಡ ಮಗಳಿಗೆ ಆರು. ನಾನು ತೆಗೆಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವನ್ನು ಉಳಿಸಿಕೊಂಡವರ ಮಾತು ಕೇಳಬೇಕು ಅಂತಿದ್ದರೆ ನಾನು ಅವಳಲ್ಲ.

ಮೊದಲು ಆ 20 ವಾರದ ವಿಷಯ. ಅದು ಹಳೆಯ ಲೆಕ್ಕ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿದೆ. ಈಗ 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಸಾಕು. 20ರಿಂದ 24ರವರೆಗೆ ಕಾನೂನು ಪಟ್ಟಿ ಮಾಡಿದ ಸಂದರ್ಭಗಳಲ್ಲಿ ಮಾತ್ರ, ಅದಕ್ಕೆ ಇಬ್ಬರು ಒಪ್ಪಬೇಕು. ಮಗುವಿಗೆ ಗಂಭೀರ ತೊಂದರೆ ಇರುವ ಸಂದರ್ಭವೂ ಆ ಪಟ್ಟಿಯಲ್ಲಿದೆ. 24 ದಾಟಿದರೆ ಮೆಡಿಕಲ್ ಬೋರ್ಡ್ ನೋಡುತ್ತದೆ. ಅಂದರೆ ನಿಮಗೆ ಎರಡೇ ವಾರ ಅಲ್ಲ, ಇನ್ನೂ ಸಮಯ ಇದೆ. ಹಾಗಂತ ಸುಮ್ನೆ ದಿನ ತಳ್ಳಬೇಡಿ. ತಡವಾದಷ್ಟೂ ದೇಹಕ್ಕೆ ಕಷ್ಟ. ಮಗು ಮಿಸುಕುವುದು ಬೇರೆ ಗೊತ್ತಾಗಲು ಶುರುವಾಗುತ್ತದೆ. ಇನ್ನೊಂದು, ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿ ಒಂದೇ ಬೇಕು. ಗಂಡನದೂ ಬೇಡ, ಅತ್ತೆಯದೂ ಬೇಡ.

ನನಗೂ 20 ವಾರ ಅಂತಲೇ ಹೇಳಿದ್ದರು. ಕಾಯ್ದೆ ಬದಲಾಗಿ ವರ್ಷದ ಮೇಲಾಗಿತ್ತು, ಆದರೂ ಹಾಗೇ ಹೇಳಿದರು. ಗುರುವಾರ ರಿಪೋರ್ಟ್ ಬಂತು, ಸೋಮವಾರ ಅಡ್ಮಿಟ್ ಆದೆ. ನಮ್ಮ ಮಾವ ಅರ್ಧ ಎಕರೆ ಕಬ್ಬಿನ ಗದ್ದೆ ಮಾರಬೇಕಾದಾಗ ಮೂರು ತಿಂಗಳು ಯೋಚಿಸಿದ್ದರು. ನನಗೆ ಸಿಕ್ಕಿದ್ದು ನಡುವಿನ ಮೂರು ದಿನ. ಅಷ್ಟರಲ್ಲಿ ಡೌನ್ ಸಿಂಡ್ರೋಮ್ ಇರುವ ಒಂದು ಮಗುವಿನ ಮುಖವನ್ನೂ ನಾನು ನೋಡಲಿಲ್ಲ.

ಆ ಮೂರು ದಿನ ಮನೆಯಲ್ಲಿ ನಡೆದದ್ದು ಬರೀ ತಪ್ಪು ಯಾರದ್ದು ಅನ್ನುವ ಪಂಚಾಯ್ತಿ. ದೀಪಾವಳಿಯ ಮಾರನೇ ದಿನ, ಅಕ್ಟೋಬರ್ 25ಕ್ಕೆ, ಸೂರ್ಯಗ್ರಹಣ ಇತ್ತು. ನಾನು ಒಣಗಿದ ಬಟ್ಟೆ ತರಲು ಹೊರಗೆ ಹೋಗಿದ್ದೆ. ಅದಕ್ಕೇ ಹೀಗಾಯಿತು ಅಂತ ಅತ್ತೆ ಅಂದರು. ಸೋದರಮಾವನ ಮಗನನ್ನೇ ಕಟ್ಟಿಕೊಂಡದ್ದಕ್ಕೆ ಅಂತ ನಮ್ಮ ಚಿಕ್ಕಮ್ಮ. ಎರಡೂ ಅಲ್ಲ. ತಾಯಿಯ ಅಂಡಾಣು ತಯಾರಾಗುವಾಗ 21ನೇ ಕ್ರೋಮೋಸೋಮಿನ (ವಂಶದ ಗುಣ ಹೊರುವ ಎಳೆಯ) ಜೋಡಿ ಬೇರೆಯಾಗದೆ ಹಾಗೇ ಉಳಿದುಬಿಡುತ್ತದೆ, ಮಗುವಿಗೆ ಎರಡರ ಬದಲು ಮೂರು ಬರುತ್ತವೆ. ಹೆಚ್ಚಿನವರಲ್ಲಿ ಆಗುವುದು ಇಷ್ಟೇ. ಗ್ರಹಣ ಹಿಡಿಯುವ ಹೊತ್ತಿಗೆ ಆ ಮಗುವಿಗೆ ಮೂರನೇ 21 ಬಂದು ಎರಡು ತಿಂಗಳಾಗಿತ್ತು. ನೂರರಲ್ಲಿ ಮೂರ್ನಾಲ್ಕು ಮಕ್ಕಳಲ್ಲಿ ಮಾತ್ರ ಟ್ರಾನ್ಸ್‌ಲೊಕೇಶನ್ ಅನ್ನುವ ಬೇರೆ ಬಗೆ ಇರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಆ ಪದ ಇದೆಯಾ ನೋಡಿ. ಇದ್ದರೆ ನೀವಿಬ್ಬರೂ ರಕ್ತ ಪರೀಕ್ಷೆ ಮಾಡಿಸಬೇಕು, ಮುಂದಿನ ಬಸಿರಿಗೂ ಅದು ಮುಖ್ಯ.

ಆಮ್ನಿಯೋ ರಿಪೋರ್ಟ್ ಹೇಳುವುದು ಅಲ್ಲಿಗೇ ಮುಗಿಯಿತು. ಮಗು ಎಷ್ಟು ಕಲಿಯುತ್ತದೆ, ಯಾವಾಗ ಮಾತಾಡುತ್ತದೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಯಾವ ಪರೀಕ್ಷೆಯಲ್ಲೂ ಈಗಲೇ ತಿಳಿಯುವುದಿಲ್ಲ. ಆದರೆ ಹೃದಯದ ವಿಷಯ ತಿಳಿಯುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ದೋಷ ಇರುತ್ತದೆ, ಅದರಲ್ಲಿ ಬಹಳಷ್ಟನ್ನು ಆಪರೇಷನ್ ಮಾಡಿ ಸರಿಪಡಿಸಬಹುದು. ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸಲು ನಿಮಗೆ ಈಗ ಸರಿಯಾದ ಸಮಯ. ನನ್ನದು ಮಾಡಿಸಲೇ ಇಲ್ಲ. ಹೇಗಿದ್ದರೂ ತೆಗೆಸುತ್ತೀರಲ್ಲ ಅಂದರು.

ತೆಗೆಸುವುದು ಅಂದರೆ ಏನು ಅಂತ ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ. ಮೂರನೇ ತಿಂಗಳಲ್ಲಿ ಮಾಡಿಸಿದ ಹಾಗಲ್ಲ. ಮಾತ್ರೆ ಕೊಟ್ಟು ನೋವು ಬರಿಸುತ್ತಾರೆ. ಅದು ಹೆರಿಗೆಯೇ. ನನಗೆ ಒಂದು ಹಗಲು, ಒಂದು ರಾತ್ರಿ ಹಿಡಿಯಿತು. ಮಗು ನೋಡ್ತೀರಾ ಅಂತ ನರ್ಸ್ ಕೇಳಿದಾಗ ಬೇಡ ಅಂದೆ. ಗಂಡೋ ಹೆಣ್ಣೋ ಇವತ್ತಿಗೂ ಗೊತ್ತಿಲ್ಲ, ಕಾನೂನಿನ ಪ್ರಕಾರ ರಿಪೋರ್ಟಿನಲ್ಲೂ ಬರೆಯುವ ಹಾಗಿಲ್ಲ. ಮನೆಗೆ ಬಂದ ಮೂರನೇ ದಿನ ಎದೆಹಾಲು ಬಂತು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಹಾಲು ನಿಲ್ಲಿಸಲು ಮಾತ್ರೆ ಇದೆ ಅಂತ ಆಮೇಲೆ ಗೊತ್ತಾಯಿತು. ನೀವು ಆ ದಾರಿ ಹಿಡಿದರೆ ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ.

ಆಮೇಲಿನ ವರ್ಷ ನಾದಿನಿಯ ಮಗನಿಗೆ ಮಾತು ತಡ ಅಂತ ಮಾನಸಗಂಗೋತ್ರಿಯ ಆಯಿಷ್‌ಗೆ, ಅಂದರೆ ನಮ್ಮ ಕಡೆಯವರು ಸ್ಪೀಚ್ ಅಂಡ್ ಹಿಯರಿಂಗ್ ಅನ್ನುವ ಮೈಸೂರಿನ ಮಾತು-ಶ್ರವಣ ಸಂಸ್ಥೆಗೆ, ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಪಾಂಡವಪುರ ಕಡೆಯ ಒಬ್ಬರು ಪರಿಚಯವಾದರು. ಅವರ ಮಗನಿಗೆ ಡೌನ್ ಸಿಂಡ್ರೋಮ್, ಆಗ ಆರು ವರ್ಷ. ಹುಟ್ಟಿದ ಮೇಲೇ ಅವರಿಗೆ ಗೊತ್ತಾದದ್ದು. ಎಂಟು ತಿಂಗಳ ಕೂಸಿಗೆ ಹೃದಯದ ಆಪರೇಷನ್ ಆಗಿತ್ತು. ಹುಡುಗ ನನ್ನ ಬ್ಯಾಗಿನಿಂದ ಚಕ್ಕುಲಿ ತೆಗೆದು, ಅರ್ಧ ಮುರಿದು ನನಗೇ ಕೊಟ್ಟ. ನಾನು ಎದ್ದು ಹೊರಗೆ ಹೋಗಿ ನಿಂತೆ.

ಅವರ ಹತ್ತಿರ ನನ್ನ ಕಥೆ ಹೇಳಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. 'ನಂಗೂ ಮೊದ್ಲೇ ಗೊತ್ತಾಗಿದ್ರೆ ಏನ್ ಮಾಡ್ತಿದ್ನೋ ಕಣವ್ವ' ಅಂದರು. ಅವರ ಕಷ್ಟಗಳು ನಾನು ಹೆದರಿಕೊಂಡಿದ್ದ ಕಷ್ಟಗಳಲ್ಲ. ವಾರಕ್ಕೆ ಎರಡು ದಿನ ಥೆರಪಿಗೆ ಓಡಾಟ, ಅದಕ್ಕಾಗಿ ಬಿಟ್ಟ ಹೊಲಿಗೆ ಕೆಲಸ, ಥೈರಾಯ್ಡ್ ಟೆಸ್ಟು, ಶಾಲೆಯಲ್ಲಿ ಸೇರಿಸಿಕೊಳ್ಳಲು ಹಿಂದೆ ಮುಂದೆ ನೋಡಿದ್ದು. ಅಂಗವಿಕಲರ ಯುಡಿಐಡಿ ಕಾರ್ಡ್ ಆಗಿತ್ತು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇತ್ತು. ಎಲ್ಲದಕ್ಕಿಂತ ದೊಡ್ಡದು, ನಾವು ಹೋದ ಮೇಲೆ ಯಾರು ಅನ್ನುವುದು. ಮುಂಚೆ ಈ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಈಗ ಒಳ್ಳೆ ಚಿಕಿತ್ಸೆ ಸಿಗುವ ದೇಶಗಳಲ್ಲಿ ಸರಾಸರಿ 60ರ ಹತ್ತಿರ ಬಂದಿದೆ. ಖುಷಿಯ ವಿಷಯವೇ, ಆದರೆ ಅಪ್ಪ ಅಮ್ಮನಿಗೆ ನಿದ್ದೆ ಕೆಡುವುದೂ ಅಲ್ಲೇ.

ಹಾಗಾದರೆ ನಾನೀಗ ಏನು ಮಾಡುತ್ತಿದ್ದೆ? ಆಗ ಮಾವ ಲಕ್ವ ಹೊಡೆದು ಮಲಗಿದ್ದರು, ಮನೆಗೆ ಬರುತ್ತಿದ್ದುದು ಒಂದೇ ಸಂಬಳ. ಅದೆಲ್ಲ ಹಾಗೇ ಇದ್ದರೆ ಬಹುಶಃ ತೆಗೆಸಿಯೇ ತೆಗೆಸುತ್ತಿದ್ದೆ. ಅದಕ್ಕೆ ನನಗೆ ನಾಚಿಕೆ ಇಲ್ಲ. ಸಂಕಟ ಇದೆ, ಅದು ಬೇರೆ. ಆದರೆ ಆ ಹುಡುಗನನ್ನು ಮೊದಲೇ ನೋಡಿ ಬಂದು ಆಮೇಲೆ ಸಹಿ ಹಾಕುತ್ತಿದ್ದೆ. ನಾನು ಹಾಕಿದ್ದು ಮಗುವಿಗೆ ಹೆದರಿ ಅಲ್ಲ, 'ಜನ ಏನಂತಾರೆ'ಗೆ ಮತ್ತು ಕ್ಯಾಲೆಂಡರಿಗೆ ಹೆದರಿ.

ನಿಮ್ಮ ಯಜಮಾನರ 'ನಿನ್ನಿಷ್ಟ' ಕೇಳಲು ಚೆನ್ನಾಗಿದೆ. ನಮ್ಮವರೂ ಅದನ್ನೇ ಅಂದಿದ್ದರು. ನನಗೆ ಅದು 'ಆಮೇಲೆ ನನ್ನನ್ನು ಕೇಳಬೇಡ' ಅಂತ ಕೇಳಿಸಿತ್ತು. ಇಟ್ಟುಕೊಂಡರೆ ಥೆರಪಿಗೆ ಯಾರು ರಜೆ ಹಾಕುತ್ತೀರಿ, ತೆಗೆಸಿದರೆ ಆಸ್ಪತ್ರೆಯಲ್ಲಿ ರಾತ್ರಿ ಪಕ್ಕದಲ್ಲಿ ಯಾರಿರುತ್ತೀರಿ, ಈ ಎರಡು ಕೇಳಿ. ಎಕೋ ಈ ವಾರವೇ ಮಾಡಿಸಿ. ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ, ಅತ್ತೆಯವರು ಮನೆಯಲ್ಲೇ ಇರಲಿ. ಆಯಿಷ್‌ಗೆ ಹೋಗುವುದಾದರೆ ಬೆಳಗ್ಗೆ ಹೋಗಿ. ಏನೂ ಕೇಳಬೇಡಿ, ಮಕ್ಕಳ ಜೊತೆ ಬಂದ ಅಮ್ಮಂದಿರ ಪಕ್ಕ ಸ್ವಲ್ಪ ಹೊತ್ತು ಕೂತಿರಿ. ಅವರೇ ಮಾತಾಡಿಸುತ್ತಾರೆ.